ಮೈಲ್ಡ್ ಸ್ಟೀಲ್ ಎಂದರೇನು? ಇ250 ಎ, ಬಿಆರ್, ಸಿ ಗ್ರೇಡ್‌ಗಳ ವ್ಯತ್ಯಾಸವೇನು? ಖರೀದಿಗೂ ಮುನ್ನ ತಿಳಿದುಕೊಳ್ಳಿ

ಸೂರತ್: ಗುಜರಾತ್‌ನ ಸೂರತ್ ಎಂದರೆ ಸೀರೆ ಮತ್ತು ವಜ್ರ ನೆನಪಾಗುತ್ತವೆ. ಆದರೆ ನಗರದ ಕೈಗಾರಿಕಾ ಪ್ರದೇಶ ಉಧ್ನಾದಲ್ಲಿ ಮಗ್ಗಗಳಷ್ಟೇ ಮುಖ್ಯವಾದ ಇನ್ನೊಂದು ವಸ್ತುವಿದೆ. ಅದೇ ಎಂಎಸ್, ಅಂದರೆ ಮೈಲ್ಡ್ ಸ್ಟೀಲ್. ಶೆಡ್‌ನ ಕಂಬ, ಛಾವಣಿಯ ಟ್ರಸ್, ಮೆಟ್ಟಿಲು, ನೀರಿನ ಪೈಪ್ ಹೀಗೆ ಎಲ್ಲೆಡೆ ಇದರ ಬಳಕೆ ಇದೆ. ಸೂರತ್ ಬಳಿಯ ಹಜೀರಾದಲ್ಲೇ ಎಎಂ/ಎನ್‌ಎಸ್ ಇಂಡಿಯಾದ ಬೃಹತ್ ಉಕ್ಕಿನ ಕಾರ್ಖಾನೆಯೂ ಇದೆ. ಬೆಂಗಳೂರಿನ ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ ನೀವು ಗ್ರಿಲ್ ಮಾಡಿಸಿದರೆ ಬಳಸುವುದೂ ಸಾಮಾನ್ಯವಾಗಿ ಇದೇ ಉಕ್ಕು.

ಮೈಲ್ಡ್ ಸ್ಟೀಲ್ ಎಂದರೇನು?

ಕಬ್ಬಿಣಕ್ಕೆ ಇಂಗಾಲ ಸೇರಿದಾಗ ಉಕ್ಕಾಗುತ್ತದೆ. ಇಂಗಾಲದ ಪ್ರಮಾಣ ಸುಮಾರು ಶೇ. 0.25ರೊಳಗೆ ಇದ್ದರೆ ಅದು ಮೈಲ್ಡ್ ಸ್ಟೀಲ್. ಇಂಗಾಲ ಹೆಚ್ಚಾದಷ್ಟೂ ಉಕ್ಕು ಗಡುಸಾಗುತ್ತದೆ, ಜೊತೆಗೆ ಬಿರುಕು ಬಿಡುವ ಸಾಧ್ಯತೆಯೂ ಹೆಚ್ಚುತ್ತದೆ. ಇಂಗಾಲ ಕಡಿಮೆ ಇರುವುದರಿಂದಲೇ ಮೈಲ್ಡ್ ಸ್ಟೀಲನ್ನು ಸುಲಭವಾಗಿ ಬಗ್ಗಿಸಬಹುದು, ಕತ್ತರಿಸಬಹುದು, ವೆಲ್ಡ್ ಮಾಡಬಹುದು. ಮಿತಿಮೀರಿ ಭಾರ ಬಿದ್ದಾಗ ಇದು ಥಟ್ಟನೆ ಮುರಿಯದೆ ಮೊದಲು ಬಾಗಿ ಎಚ್ಚರಿಕೆ ಕೊಡುತ್ತದೆ.

ಗ್ರೇಡ್‌ಗಳು ಯಾವುವು?

ಭಾರತದಲ್ಲಿ ಕಟ್ಟಡ ಮತ್ತು ಫ್ಯಾಬ್ರಿಕೇಷನ್ ಉಕ್ಕಿಗೆ ಐಎಸ್ 2062 ಮಾನದಂಡವಿದೆ. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇ250. ಇಲ್ಲಿ 250 ಎಂದರೆ ಯೀಲ್ಡ್ ಸ್ಟ್ರೆಂತ್. ಅಂದರೆ 20 ಮಿ.ಮೀ.ಗಿಂತ ತೆಳುವಾದ ಉಕ್ಕು ಪ್ರತಿ ಚದರ ಮಿಲಿಮೀಟರ್‌ಗೆ 250 ನ್ಯೂಟನ್, ಸುಮಾರು 25 ಕೆ.ಜಿ. ಭಾರದವರೆಗೆ ಶಾಶ್ವತವಾಗಿ ರೂಪ ಕೆಡದೆ ನಿಲ್ಲಬೇಕು.

* ಎ: ಆಘಾತ ಪರೀಕ್ಷೆ ಬೇಕಿಲ್ಲ. ಗ್ರಿಲ್, ಗೇಟ್, ಸಾಮಾನ್ಯ ಶೆಡ್‌ಗೆ ಸಾಕು.
* ಬಿಆರ್: ಗ್ರಾಹಕರು ಕೇಳಿದರೆ ಕೊಠಡಿ ತಾಪಮಾನದಲ್ಲಿ ಆಘಾತ ಪರೀಕ್ಷೆ ನಡೆಯುತ್ತದೆ.
* ಬಿ0: 0 ಡಿಗ್ರಿಯಲ್ಲಿ ಆಘಾತ ಪರೀಕ್ಷೆ ಕಡ್ಡಾಯ.
* ಸಿ: ಮೈನಸ್ 20 ಡಿಗ್ರಿಯಲ್ಲಿ ಆಘಾತ ಪರೀಕ್ಷೆ ಕಡ್ಡಾಯ.

ಸೇತುವೆ, ಕ್ರೇನ್ ಗರ್ಡರ್‌ನಂತಹ ಅದುರುವ ರಚನೆಗಳಿಗೆ ಯಾವ ಗ್ರೇಡ್ ಬೇಕು ಎಂಬುದನ್ನು ಎಂಜಿನಿಯರ್ ಅವರೇ ನಿರ್ಧರಿಸಬೇಕು. ಇನ್ನೂ ಹೆಚ್ಚು ಬಲ ಬೇಕಾದರೆ ಇ350, ಇ410 ಗ್ರೇಡ್‌ಗಳಿವೆ. ಕಾಂಕ್ರೀಟ್ ಒಳಗೆ ಹಾಕುವ ಟಿಎಂಟಿ ಕಂಬಿ ಬೇರೆಯದೇ ಉತ್ಪನ್ನ, ಅದಕ್ಕೆ ಐಎಸ್ 1786 ಅನ್ವಯಿಸುತ್ತದೆ. ಎಂಎಸ್ ಬಾರ್ ಮತ್ತು ಟಿಎಂಟಿ ಒಂದೇ ಎಂದು ಭಾವಿಸಬೇಡಿ.

ಎರಡು ದೌರ್ಬಲ್ಯಗಳು

ಮೊದಲನೆಯದು ತುಕ್ಕು. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿರುವಂತೆ ಇದರಲ್ಲಿ ತುಕ್ಕು ತಡೆಯುವಷ್ಟು ಕ್ರೋಮಿಯಂ ಇರುವುದಿಲ್ಲ. ಸೂರತ್, ಮಂಗಳೂರಿನಂತಹ ಕರಾವಳಿ ಊರುಗಳಲ್ಲಿ ತೇವ ಮತ್ತು ಉಪ್ಪಿನ ಗಾಳಿಯಿಂದ ತುಕ್ಕು ಬೇಗ ಹಿಡಿಯುತ್ತದೆ. ಆದ್ದರಿಂದ ಪ್ರೈಮರ್, ಪೇಂಟ್ ಅಥವಾ ಸತುವಿನ ಲೇಪನ ಬೇಕೇ ಬೇಕು.

ಎರಡನೆಯದು ಬೆಂಕಿ. ಉಕ್ಕು ಸುಡುವುದಿಲ್ಲ ನಿಜ, ಆದರೆ ಸುಮಾರು 550 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಬಟ್ಟೆ, ನೂಲು ತುಂಬಿದ ಶೆಡ್‌ಗೆ ಬೆಂಕಿ ಬಿದ್ದರೆ ಛಾವಣಿ ಕುಸಿಯುವುದು ಇದೇ ಕಾರಣಕ್ಕೆ. ಅಂತಹ ಕಡೆ ಕಬ್ಬಿಣದ ಛಾವಣಿ ಇದೆ ಎಂದು ಒಳಗೇ ಉಳಿಯುವುದು ಜೀವಕ್ಕೆ ಅಪಾಯ.

ಖರೀದಿಸುವಾಗ ಏನು ನೋಡಬೇಕು?

ಉಕ್ಕು ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಹೀಗಾಗಿ ಸ್ವಲ್ಪ ಲೆಕ್ಕ ಗೊತ್ತಿದ್ದರೆ ಮೋಸ ಹೋಗುವುದಿಲ್ಲ. ಶೀಟಿನ ದಪ್ಪವನ್ನು (ಮಿ.ಮೀ.) 7.85ರಿಂದ ಗುಣಿಸಿದರೆ ಒಂದು ಚದರ ಮೀಟರ್‌ನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಅದರಂತೆ 8x4 ಅಡಿಯ 5 ಮಿ.ಮೀ. ಶೀಟ್ ಸುಮಾರು 117 ಕೆ.ಜಿ. ಇರಬೇಕು. ದುಂಡು ಕಂಬಿಯಾದರೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ. 12 ಮಿ.ಮೀ. ಕಂಬಿ ಮೀಟರ್‌ಗೆ ಸುಮಾರು 0.89 ಕೆ.ಜಿ. ತೂಗುತ್ತದೆ. ತೂಕ ತೀರಾ ಕಡಿಮೆ ಬಂದರೆ ದಪ್ಪ ಕಡಿಮೆ ಇದೆ ಎಂದರ್ಥ.

ಐಎಸ್‌ಐ ಗುರುತು ಇದೆಯೇ ನೋಡಿ, ಅದರ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಿ. ದೊಡ್ಡ ಖರೀದಿಯಾದರೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ, ಅದರಲ್ಲಿರುವ ಹೀಟ್ ನಂಬರ್ ಮಾಲಿನ ಮೇಲಿರುವ ಸಂಖ್ಯೆಗೆ ಹೊಂದಬೇಕು. ಬಣ್ಣ ಬಳಿದ ಮೇಲೆ ಒಳ್ಳೆಯ ಉಕ್ಕೂ ಕಳಪೆ ಉಕ್ಕೂ ಒಂದೇ ರೀತಿ ಕಾಣುತ್ತವೆ. ಪರೀಕ್ಷಿಸುವುದಿದ್ದರೆ ಅದಕ್ಕೂ ಮೊದಲೇ ಪರೀಕ್ಷಿಸಿ.