ಮಾಚಿಕಾಯಿಯ ಕಣಜ, ನೀಲಗಿರಿಯ ಕಣಜ

ಗ್ರಂಧಿಗೆ ಅಂಗಡಿಯ ಮಾಚಿಕಾಯಿ ನಿಜಕ್ಕೂ ಕಾಯಲ್ಲ. ಟರ್ಕಿ, ಇರಾನ್ ಕಡೆಯ ಓಕ್ ಮರದ ಎಳೆಯ ರೆಂಬೆಯಲ್ಲಿ ಸಣ್ಣದೊಂದು ಕಣಜ ಮೊಟ್ಟೆಯಿಟ್ಟಾಗ ಅದರ ಸುತ್ತ ಮರವೇ ಬೆಳೆಸುವ ಗಂಟು. ಒಳಗಿನ ಹುಳುವಿಗೆ ಮನೆಯೂ ಅದೇ, ಊಟವೂ ಅದೇ. ಒಂದನ್ನು ತಿರುಗಿಸಿ ನೋಡಿ: ದಬ್ಬಳ ಚುಚ್ಚಿದಂಥ ದುಂಡು ತೂತಿದ್ದರೆ ಕಣಜ ಬೆಳೆದು ಹಾರಿಹೋಗಿದೆ. ತೂತಿಲ್ಲದ, ತೂಕದ ಮಾಚಿಕಾಯಿಗೆ ಬೆಲೆ ಹೆಚ್ಚು, ಅದರಲ್ಲಿ ಒಗರು ಜಾಸ್ತಿ. ಆ ಒಗರಿಗೆ ಅನ್ನಭೇದಿ ಬೆರೆತರೆ ಕಪ್ಪು ಶಾಯಿ. ಯುರೋಪಿನ ದಸ್ತಾವೇಜುಗಳನ್ನು ಶತಮಾನಗಳ ಕಾಲ ಬರೆದದ್ದು ಅದರಲ್ಲೇ. ಇಷ್ಟು ಗಂಟು ಕಟ್ಟಿಯೂ ಓಕ್ ಕಾಡುಗಳು ನಾಶವಾಗಿಲ್ಲ. ಗಂಟು ಕೊರೆದು ಒಳಗಿನ ಹುಳುವಿನ ಮೇಲೆ ಮೊಟ್ಟೆಯಿಡುವ ಬೇರೆ ಕಣಜಗಳೂ ಅದೇ ಕಾಡಿನಲ್ಲಿವೆ.

ಮತ್ತಿಗಿರಿ, ಹೊಸೂರು, ಕೋಲಾರದ ಸೀಮೆಗೆ ಪರಿಚಿತವಾದ ನೀಲಗಿರಿಯ ಕಥೆ ಬೇರೆ. ಇದರಲ್ಲಿ ಗಂಟು ಕಟ್ಟಿಸುವುದು ಲೆಪ್ಟೊಸೈಬ್ ಇನ್ವೇಸಾ ಎಂಬ ಕಣಜ. ಓಕ್ ಕಣಜದ ಕುಟುಂಬದ್ದಲ್ಲ, ಕಸುಬು ಮಾತ್ರ ಒಂದೇ. ಉದ್ದ ಒಂದೂವರೆ ಮಿಲಿಮೀಟರೂ ಇಲ್ಲ. ಗಂಡಿನ ಹಂಗಿಲ್ಲದೆಯೇ ಹೆಣ್ಣು ಮರಿ ಮಾಡಬಲ್ಲದು. ಆಸ್ಟ್ರೇಲಿಯಾ ಮೂಲದ ಈ ಕೀಟ 2000ದ ಸುಮಾರಿಗೆ ಇಸ್ರೇಲಿನಲ್ಲಿ ಕಂಡುಬಂತು, 2004ರಲ್ಲಿ ಹೆಸರು ಪಡೆಯಿತು, ಅದೇ ದಶಕದಲ್ಲಿ ತಮಿಳುನಾಡು, ಕರ್ನಾಟಕಗಳಿಗೂ ಬಂತು. ಎಲೆಯ ನಡುನರ, ತೊಟ್ಟು, ಎಳೆ ಕಾಂಡಗಳು ಉಬ್ಬುತ್ತವೆ. ಹಸಿರು ಗಂಟು ಗುಲಾಬಿಗೆ ತಿರುಗಿ ಕೆಂಪಾಗುತ್ತದೆ, ಚಿಗುರು ಮುರುಟಿ ಸಸಿ ಕುಂಠಿತವಾಗುತ್ತದೆ. ನನ್ನ ಮಟ್ಟಿಗೆ ತಪ್ಪು ಕಣಜದ್ದಷ್ಟೇ ಅಲ್ಲ. ಅದರ ಶತ್ರುಗಳನ್ನು ಹಿಂದೆ ಬಿಟ್ಟು ಮರವನ್ನು ಮಾತ್ರ ತಂದು, ಒಂದೇ ತಳಿಯನ್ನು ಎಕರೆಗಟ್ಟಲೆ ನೆಟ್ಟದ್ದೇ ಅದಕ್ಕೆ ಹಾದಿಯಾಯಿತು.

ನೀಲಗಿರಿ ಅಂತರ್ಜಲ ಹೀರುತ್ತದೆ, ಕರ್ನಾಟಕವೇ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು, ಕಣಜ ತಿಂದರೆ ತಿನ್ನಲಿ ಎನ್ನುವವರಿದ್ದಾರೆ. ನೀರಿನ ಕಾಳಜಿ ನ್ಯಾಯವಾದದ್ದೇ. ಆದರೆ ಕಣಜ ಬಲಿತ ಮರವನ್ನು ಕೊಂದು ನೀರು ಉಳಿಸುವುದಿಲ್ಲ. ಅದು ಹೆಚ್ಚಾಗಿ ಹಾಳುಗೆಡವುವುದು ನರ್ಸರಿಯ ಸಸಿಯನ್ನು, ಕಡಿದ ಬುಡದಿಂದ ಬರುವ ಕೂಳೆ ಚಿಗುರನ್ನು. ನಷ್ಟ ಸಣ್ಣ ರೈತನದು. ಔಷಧಿ ಹೊಡೆದರಾಯಿತು ಎಂಬ ಮಾತೂ ನಿಲ್ಲುವುದಿಲ್ಲ: ಮೇಲೆ ಬಿದ್ದ ವಿಷ ಗಂಟಿನೊಳಗಿನ ಹುಳುವನ್ನು ಮುಟ್ಟುವುದೇ ಕಷ್ಟ, ಹೊರಗೆ ಓಡಾಡುವ ಅದರ ಶತ್ರುಗಳನ್ನಂತೂ ಕೊಲ್ಲುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇಸ್ರೇಲಿನಿಂದ ಕ್ವಾಡ್ರಾಸ್ಟಿಕಸ್ ಮೆಂಡೆಲಿ ಎಂಬ ಪರಾವಲಂಬಿ ಕಣಜವನ್ನು ತರಿಸಿದ್ದು ಇದಕ್ಕಾಗಿಯೇ. ಈಗಾಗಲೇ ತೋಪು ಇರುವವರು ಔಷಧಿಯ ಪಂಪು ಕೆಳಗಿಟ್ಟು ಆ ಕಣಜಕ್ಕೆ ಜಾಗ ಬಿಡಬೇಕು. ಗಂಟಿರುವ ಸಸಿಯನ್ನು ನರ್ಸರಿಯಲ್ಲೇ ಕಿತ್ತು ಸುಡಬೇಕು, ಲಾರಿ ಹತ್ತಿಸಬಾರದು.