ತರಗತಿ ಕೋಣೆಗೆ ಬೇಕಾದ ಸರಕು: ಹೊಸಪೇಟೆ ಸೀಮೆಯ ಸಣ್ಣ ಉದ್ಯಮಕ್ಕೆ ಒಂದು ಹೊಸ ದಾರಿ

ಪ್ರತಿವರ್ಷ ಮೇ ತಿಂಗಳ ಕೊನೆಯ ವಾರ ಬಂದಿತೆಂದರೆ ಹೊಸಪೇಟೆ, ಸಂಡೂರು, ಕಂಪ್ಲಿಗಳ ಪುಸ್ತಕದಂಗಡಿಗಳ ಮುಂದೆ ಪಾಲಕರ ಸಾಲು ಬೆಳೆಯುತ್ತದೆ. ನೋಟುಬುಕ್ಕು, ಚೀಲ, ಕಂಪಾಸು ಪೆಟ್ಟಿಗೆ, ಸಮವಸ್ತ್ರ ಇವುಗಳ ವ್ಯಾಪಾರ ಮೂರು ನಾಲ್ಕು ವಾರ ಭರಾಟೆಯಿಂದ ನಡೆದು ತಣ್ಣಗಾಗುತ್ತದೆ. ಆದರೆ ಈ ಸಾಲಿನಲ್ಲಿ ನಿಲ್ಲದ ಇನ್ನೊಬ್ಬ ಗಿರಾಕಿ ಇದ್ದಾನೆ. ಅದು ಶಾಲೆಯ ತರಗತಿ ಕೋಣೆ. ಗೋಡೆಗೆ ಪಟ, ನೆಲಕ್ಕೆ ಹಾಸು, ಎಣಿಕೆಗೆ ಮಣಿ, ಓದಿಗೆ ಚಿತ್ರಕಾರ್ಡು, ಇವುಗಳನ್ನು ಜೋಡಿಸಿಡಲು ಬುಟ್ಟಿ, ಹೀಗೆ ಅದರ ಬೇಡಿಕೆಯ ಪಟ್ಟಿ ವರ್ಷವಿಡೀ ಇರುತ್ತದೆ. ಈ ಬೇಡಿಕೆಯನ್ನು ನಮ್ಮ ಸೀಮೆಯ ವರ್ತಕರೂ ಸಣ್ಣ ಉತ್ಪಾದಕರೂ ಎಷ್ಟರಮಟ್ಟಿಗೆ ಪೂರೈಸಬಲ್ಲರು ಎಂಬುದು ಯೋಚಿಸತಕ್ಕ ವಿಷಯವಾಗಿದೆ.

ಬೇಡಿಕೆ ಬೆಳೆದು ಬಂದ ಬಗೆ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ 1987ರಲ್ಲಿ 'ಕಪ್ಪುಹಲಗೆ ಕಾರ್ಯಾಚರಣೆ' ಆರಂಭವಾಯಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಮತ್ತು ಅವಶ್ಯಕ ಬೋಧನಾ ಸಾಮಗ್ರಿ ಇರಬೇಕೆಂಬುದು ಅದರ ಗುರಿ. ಆದರೆ ದೂರದಿಂದ ಒಟ್ಟಾಗಿ ಬಂದ ಸಾಮಗ್ರಿ ಎಷ್ಟೋ ಶಾಲೆಗಳಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಯೇ ಉಳಿಯಿತು. ಬಳಸುವ ವಿಧಾನವನ್ನು ಹೇಳಿಕೊಡುವವರಿರಲಿಲ್ಲ. ಒಡೆದರೆ ಲೆಕ್ಕ ಕೊಡಬೇಕೆಂಬ ಭಯವಿತ್ತು. ಒಂದು ಭಾಗ ಕಳೆದರೆ ಅದಷ್ಟೇ ಸಿಗುವ ಅಂಗಡಿ ಸಮೀಪದಲ್ಲಿರಲಿಲ್ಲ. ಈ ಮೂರು ಕಾರಣಗಳೂ ಇಂದಿನ ವರ್ತಕನಿಗೆ ಪಾಠವಾಗಿವೆ.

2001ರಿಂದ ಜಾರಿಗೆ ಬಂದ ಸರ್ವ ಶಿಕ್ಷಣ ಅಭಿಯಾನವು ಕಲಿಕಾ ಸಾಮಗ್ರಿ ತಯಾರಿಕೆಗೆಂದು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂ. ನೀಡುವ ಪದ್ಧತಿಯನ್ನು ವ್ಯಾಪಕಗೊಳಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ತರಗತಿಗೂ ಬೋಧನಾ ಕಲಿಕಾ ಉಪಕರಣ, ಶಾಲೆಗೆ ಗ್ರಂಥಾಲಯ ಹಾಗೂ ಆಟದ ಸಾಮಗ್ರಿ ಇರಬೇಕೆಂದು ವಿಧಿಸಿತು.

ಕರ್ನಾಟಕದ ಮಟ್ಟಿಗೆ ನಿಜವಾದ ಬದಲಾವಣೆ ತಂದುದು 'ನಲಿ-ಕಲಿ'. ಆಂಧ್ರಪ್ರದೇಶದ ರಿಷಿವ್ಯಾಲಿಯ ಪ್ರಯೋಗವನ್ನು ಕಂಡು ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದನ್ನು ಆರಂಭಿಸಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಲಾಯಿತು. ಇಲ್ಲಿ ಮಕ್ಕಳು ಕಲಿಕಾ ಏಣಿಯ ಮೆಟ್ಟಿಲುಗಳನ್ನು ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಐದು 'ತಟ್ಟೆ'ಗಳಲ್ಲಿ ಗುಂಪಾಗಿ ಕುಳಿತು ಕೆಲಸ ಮಾಡುತ್ತಾರೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟಕುವ ಬರೆಯುವ ಹಲಗೆ, ಮೇಲೆ ಕಲಿಕಾ ಚಪ್ಪರ. ಇಂತಹ ಕೋಣೆಯಲ್ಲಿ ಸಾಮಗ್ರಿಯೇ ಅರ್ಧ ಪಾಠ. ಒಂದು ಕಾರ್ಡು ಕಳೆದರೆ ಒಂದು ಮೆಟ್ಟಿಲೇ ಮುರಿದಂತೆ.

ಶಾಲೆಯ ಕೈಯಲ್ಲಿರುವ ಹಣ

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ ಶಾಲಾ ಸಂಯುಕ್ತ ಅನುದಾನವು ದಾಖಲಾತಿಯನ್ನು ಅವಲಂಬಿಸಿದೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂ., 100ರವರೆಗೆ 25,000 ರೂ., 250ರವರೆಗೆ 50,000 ರೂ., 1,000ದವರೆಗೆ 75,000 ರೂ. ಎಂಬುದು ಗರಿಷ್ಠ ಪ್ರಮಾಣ. ಇದರಲ್ಲಿ ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೆ ಮೀಸಲು.

ಲೆಕ್ಕ ಹಾಕಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 100 ಮಕ್ಕಳಿರುವ ಶಾಲೆಗೆ 25,000 ರೂ. ಪೂರ್ತಿ ಬಂದರೂ ಸ್ವಚ್ಛತೆಯ ಪಾಲು ಕಳೆದು ಉಳಿಯುವುದು 22,500 ರೂ.; ಅಂದರೆ ಮಗುವೊಂದಕ್ಕೆ ವರ್ಷಕ್ಕೆ 225 ರೂ. 30 ಮಕ್ಕಳ ಹಳ್ಳಿ ಶಾಲೆಗೆ ಉಳಿಯುವುದು 9,000 ರೂ., ತಿಂಗಳಿಗೆ 750 ರೂ. ದುರಸ್ತಿ, ದಾಖಲೆ ಪುಸ್ತಕ, ಸೀಮೆಸುಣ್ಣ ಎಲ್ಲವೂ ಇದರಲ್ಲಿಯೇ ಆಗಬೇಕು. ಕೊರತೆ ಬಿದ್ದಾಗ ಶಿಕ್ಷಕರು ತಮ್ಮ ಜೇಬಿನಿಂದ ಹಾಕುತ್ತಾರೆ, ಇಲ್ಲವೇ ಗೋಡೆ ಬರಿದಾಗಿಯೇ ಉಳಿಯುತ್ತದೆ. ಆದ್ದರಿಂದ ಈ ಗಿರಾಕಿ ದೊಡ್ಡ ಪೆಟ್ಟಿಗೆಯ ಗಿರಾಕಿಯಲ್ಲ. ಸಣ್ಣ ಪ್ರಮಾಣದಲ್ಲಿ, ಬಾಳಿಕೆ ಬರುವ, ಬಿಡಿಬಿಡಿಯಾಗಿ ಸಿಗುವ ಸರಕನ್ನು ಕೇಳುವವನು. ದೂರದ ದೊಡ್ಡ ಕಂಪನಿಗಳಿಗೆ ಇಂತಹ ಬಿಡಿ ವ್ಯಾಪಾರ ಗಿಟ್ಟುವುದಿಲ್ಲ. ಸ್ಥಳೀಯ ಉತ್ಪಾದಕನಿಗೆ ಇರುವ ಅನುಕೂಲ ಇದೇ.

ನೆಲದಲ್ಲಿಯೇ ಇರುವ ಮಾದರಿಗಳು

ಅಗ್ಗದ ಕಲಿಕಾ ಸಾಮಗ್ರಿಯ ಮಾದರಿಗಾಗಿ ಹೊರಗೆ ಹುಡುಕಬೇಕಾಗಿಲ್ಲ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ಮಂಟಪ, ದೇವಾಲಯಗಳ ಕಲ್ಲುಹಾಸುಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಹುಲಿ-ಕುರಿಯ ಗೆರೆಗಳೂ ಗುಳಿಗಳ ಸಾಲುಗಳೂ ಅಲ್ಲಿವೆ. ಅಳಗುಳಿಮಣೆಯ ಎರಡು ಸಾಲುಗಳಲ್ಲಿ 14 ಗುಳಿ. ಗುಳಿಗೆ ಐದರಂತೆ ಬೀಜ ಹಾಕಿದರೆ 70. ಎಣಿಕೆ, ಗುಣಾಕಾರ, ಹಂಚಿಕೆ ಎಲ್ಲವನ್ನೂ ಮಗು ಆಡುತ್ತಲೇ ಕಲಿಯುತ್ತದೆ. ಐದು ಸಾಲು, ಐದು ಕಂಬಗಳ ಚೌಕಾಬಾರದಲ್ಲಿ 25 ಮನೆ. ನಾಲ್ಕು ಕವಡೆ ಸಾಕು.

ದಪ್ಪ ಹತ್ತಿಬಟ್ಟೆಯ ಮೇಲೆ ಈ ಆಟದ ಮನೆಗಳನ್ನು ಮುದ್ರಿಸಿ, ಹುಣಸೆಬೀಜದ ಸಣ್ಣ ಚೀಲ ಹಾಗೂ ಆಟದ ನಿಯಮಗಳ ಒಂದು ಹಾಳೆ ಸೇರಿಸಿದರೆ ಅದೊಂದು ಗಣಿತ ಸಾಮಗ್ರಿ. ಹಂಪಿಗೆ ಬರುವ ಪ್ರವಾಸಿಗೆ ಅದೇ ನೆನಪಿನ ಕಾಣಿಕೆ. ಒಂದೇ ಅಚ್ಚು, ಎರಡು ಮಾರುಕಟ್ಟೆ. ಒಂದು ಎಚ್ಚರಿಕೆ ಅಗತ್ಯ: ಹಿಂದೆ ಮನೆಗಳಲ್ಲಿ ಅಳಗುಳಿಗೆ ಗುಲಗಂಜಿ ಬಳಸುತ್ತಿದ್ದುದುಂಟು. ಗುಲಗಂಜಿಯ ಬೀಜ ವಿಷಕಾರಿ; ಮಕ್ಕಳ ಸಾಮಗ್ರಿಯಲ್ಲಿ ಅದು ಇರಲೇಕೂಡದು. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಯಾವ ಬೀಜವೂ ಯೋಗ್ಯವಲ್ಲ.

ತುಂಗಭದ್ರೆಯ ದಡದ ಕಂಪ್ಲಿ, ಹಂಪಿ ಭಾಗಗಳಲ್ಲಿ ಬಾಳೆ ಪ್ರಮುಖ ಬೆಳೆ. ಗೊನೆ ಕಡಿದ ನಂತರ ದಿಂಡು ಹೊಲದಲ್ಲಿಯೇ ಬೀಳುತ್ತದೆ. ಇದರ ಪಟ್ಟೆಯನ್ನು ಒಣಗಿಸಿ, ಹುರಿ ಹೊಸೆದು, ಬುಟ್ಟಿ, ಚಾಪೆ, ಚೀಲಗಳನ್ನು ಹೆಣೆಯುವ ಕೆಲಸವನ್ನು ನದಿಯಾಚೆಯ ಆನೆಗೊಂದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಕಿಷ್ಕಿಂಧಾ ಟ್ರಸ್ಟ್ ಮಹಿಳೆಯರ ಗೃಹಕೈಗಾರಿಕೆಯಾಗಿ ಬೆಳೆಸಿದೆ. ಇದೇ ಕೈಗಳಿಗೆ ನಲಿ-ಕಲಿ ಕಾರ್ಡುಗಳ ಅಳತೆ ಕೊಟ್ಟರೆ ತರಗತಿಯ ಬುಟ್ಟಿಯೂ ಹೆಣೆಯಬಲ್ಲವು. ಪ್ಲಾಸ್ಟಿಕ್ ತಟ್ಟೆ ಬಿರುಕುಬಿಟ್ಟರೆ ಕಸ. ಬಾಳೆನಾರಿನ ಬುಟ್ಟಿ ಹರಿದರೆ ಗೊಬ್ಬರ.

ಸಂಡೂರಿನ ಕಥೆ ಬೇರೆ ಬಗೆಯದು. ಅಲ್ಲಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ ಕುಶಲಕರ್ಮಿಗಳ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕನ್ನಡಿ, ಕವಡೆ, ತ್ರಿಕೋನ, ಚೌಕಗಳ ಈ ಹೆಣಿಗೆ ಆಕಾರ ಹಾಗೂ ಸಮ್ಮಿತಿಯ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಅಮೂಲ್ಯ ಕಸೂತಿಯನ್ನೇ ತರಗತಿಗೆ ಕೊಳ್ಳುವ ಶಕ್ತಿ ಶಾಲೆಗಿಲ್ಲ, ನಿಜ. ಆದರೆ ಹೊಲಿಗೆಯಲ್ಲಿ ಉಳಿದ ಬಟ್ಟೆಯ ತುಂಡುಗಳಿಂದ ಅಕ್ಷರದ ದಿಂಬು, ಕೈಗೊಂಬೆ, ಗೋಡೆಯ ಜೇಬುಪಟ ಹೊಲಿಯಬಹುದು. ಭೌಗೋಳಿಕ ಸೂಚಿಯ ಹೆಸರನ್ನು ಮಾತ್ರ ಅಧಿಕೃತ ಬಳಕೆದಾರರಲ್ಲದವರು ಹಾಕಿಕೊಳ್ಳುವಂತಿಲ್ಲ.

ಸಂಡೂರಿನ ಬೆಟ್ಟಗಳು ಇನ್ನೊಂದು ಪಾಠವನ್ನು ಇಟ್ಟುಕೊಂಡಿವೆ. ಹೆಮಟೈಟ್ ಕಬ್ಬಿಣದ ಅದಿರಿನ ತುಂಡು ನೋಡಲು ಕಪ್ಪಾಗಿ ಅಥವಾ ಬೂದಾಗಿ ಇದ್ದರೂ ಮೆರುಗಿಲ್ಲದ ಬಿಲ್ಲೆಯ ಮೇಲೆ ಉಜ್ಜಿದರೆ ಕೆಂಪು ಗೆರೆ ಬೀಳುತ್ತದೆ. ಮ್ಯಾಂಗನೀಸ್ ಅದಿರು ಕಪ್ಪು ಗೆರೆ ಎಳೆಯುತ್ತದೆ. ಇವೆರಡರ ಜೊತೆಗೆ ಹಂಪಿಯ ಬಂಡೆಯ ಕಣಶಿಲೆ, ಒಂದು ಬಿಲ್ಲೆ, ಒಂದು ಅಯಸ್ಕಾಂತ ಸೇರಿಸಿದರೆ 'ನಮ್ಮ ನೆಲದ ಕಲ್ಲುಪೆಟ್ಟಿಗೆ' ಸಿದ್ಧ. ಅದಿರನ್ನು ಗಣಿ ಗುತ್ತಿಗೆದಾರರಿಂದ ಅನುಮತಿ ಸಹಿತ ಪಡೆದು, ತೊಳೆದು ಕೊಡಬೇಕೆಂಬುದನ್ನು ಮರೆಯಬಾರದು.

ಇನ್ನು ಸೀಮೆಸುಣ್ಣ. ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ, ನೀರು, ಅಚ್ಚು ಮತ್ತು ಬಿಸಿಲು ಇದರ ಬಂಡವಾಳ. ಮಾರ್ಚ್, ಏಪ್ರಿಲ್‌ಗಳ ನಮ್ಮ ಬಿಸಿಲು ಒಣಗಿಸುವ ಖರ್ಚನ್ನು ಉಳಿಸುತ್ತದೆ; ಮಳೆಗಾಲಕ್ಕೆ ಮುನ್ನ ದಾಸ್ತಾನು ಸಿದ್ಧವಾದರೆ ಶಾಲೆ ತೆರೆಯುವ ಹೊತ್ತಿಗೆ ಮಾರಾಟ. ಹೊಸಪೇಟೆಯ ಮುದ್ರಣಾಲಯ, ಬಡಗಿ ಹಾಗೂ ವೆಲ್ಡಿಂಗ್ ಅಂಗಡಿಗಳಿಗೆ ಚಿತ್ರಕಾರ್ಡು, ಗಿಡ್ಡ ಮೇಜು, ಪುಸ್ತಕದ ಕಪಾಟುಗಳ ಕೆಲಸ ಹೊಸದೇನಲ್ಲ.

ತೆರಿಗೆ ಮತ್ತು ನಿಯಮ

2025ರ ಸೆಪ್ಟೆಂಬರ್ 22ರಿಂದ ನೋಟುಬುಕ್ಕು, ಪೆನ್ಸಿಲು, ರಬ್ಬರು, ಶಾರ್ಪನರ್, ಬಣ್ಣದ ಕಡ್ಡಿ, ನಕಾಶೆ, ಗೋಳ ಮತ್ತು ಮುದ್ರಿತ ಭೂಪಟಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೂನ್ಯವಾಗಿದೆ. ಜ್ಯಾಮಿತಿ ಪೆಟ್ಟಿಗೆಯ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. ಗಿರಾಕಿಗೆ ಇದು ಸಂತೋಷದ ಸಂಗತಿ. ಉತ್ಪಾದಕ ಮಾತ್ರ ಎರಡನೆಯ ಲೆಕ್ಕವನ್ನೂ ಹಾಕಬೇಕು. ಮಾರುವ ಸರಕಿಗೆ ತೆರಿಗೆ ಇಲ್ಲವೆಂದಾಗ, ಅದಕ್ಕಾಗಿ ಕೊಂಡ ಶಾಯಿ, ಅಂಟು, ರಟ್ಟುಗಳ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ಜಮೆಯಾಗಿ ಪಡೆಯಲಾಗದು. ಅದು ವೆಚ್ಚಕ್ಕೇ ಸೇರುತ್ತದೆ. ನೋಟುಬುಕ್ಕಿಗೆ ಬಳಸುವ ಲೇಪನರಹಿತ ಕಾಗದಕ್ಕೆ ವಿನಾಯಿತಿ ಇದ್ದರೂ ಇತರ ಮುದ್ರಣ ಕಾಗದಕ್ಕೆ ಶೇ. 18 ಇದೆ. ಬೆಲೆ ನಿಗದಿಗೆ ಮುನ್ನ ಲೆಕ್ಕಪರಿಶೋಧಕರೊಡನೆ ಒಂದು ಮಾತು ಆಡುವುದು ಒಳಿತು.

2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳ ತಯಾರಿಕೆಗೆ ವಿನಾಯಿತಿ ಇದೆ. ಮಾಡುವ ವಸ್ತು ಕಲಿಕಾ ಸಾಮಗ್ರಿಯೋ ಆಟಿಕೆಯೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಫ್ಲೆಕ್ಸ್ ಪಟಗಳಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿರುವುದರಿಂದ ಬಟ್ಟೆ, ರಟ್ಟುಗಳೇ ಸುರಕ್ಷಿತ ದಾರಿ.

ಸ್ಪರ್ಧೆಯ ವಿಷಯವೂ ಉಂಟು. ಬಹುಕಾಲ ಸಣ್ಣ ಕೈಗಾರಿಕೆಗೆ ಮೀಸಲಾಗಿದ್ದ ನೋಟುಬುಕ್ಕು, ಉಕ್ಕಿನ ಕುರ್ಚಿ, ಮೇಜು, ಮರದ ಪೀಠೋಪಕರಣಗಳ ಮೀಸಲಾತಿ 2015ರ ಏಪ್ರಿಲ್‌ನಲ್ಲಿ ರದ್ದಾಯಿತು. ಈ ಸರಕುಗಳಲ್ಲಿ ಬೆಲೆಯೊಂದರಿಂದಲೇ ದೊಡ್ಡವರನ್ನು ಎದುರಿಸುವುದು ಕಷ್ಟ. ಸ್ಥಳೀಯತೆ, ಬಿಡಿಭಾಗ, ದುರಸ್ತಿ ಇವೇ ಸಣ್ಣವರ ಬಲ.

ವ್ಯವಹಾರದ ಕ್ರಮ

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಗೂ ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಗೂ ಸೇರಿವೆ, ಆನೆಗೊಂದಿ ಕೊಪ್ಪಳದ್ದು. ಮಾರುಕಟ್ಟೆ ಒಂದೇ ಆದರೂ ಕಚೇರಿಗಳು ಮೂರು. ಸಣ್ಣ ಖರೀದಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮಟ್ಟದಲ್ಲಿ ನಡೆಯುವುದರಿಂದ ಮುಖ್ಯೋಪಾಧ್ಯಾಯರಿಗೆ ಸ್ಪಷ್ಟ ದರಪಟ್ಟಿ ಮತ್ತು ಸರಿಯಾದ ರಸೀತಿ ಬೇಕು. ದೊಡ್ಡ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಅನ್ವಯವಾಗುತ್ತದೆ. 2015ರಿಂದ ಜಾರಿಯಲ್ಲಿರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣವು ಆದ್ಯತೆಯ ವಲಯವಾಗಿರುವುದನ್ನೂ ಗಣಿ ಸೀಮೆಯ ಉದ್ಯಮಿಗಳು ಗಮನಿಸಬೇಕು.

ಹಣ ತಡವಾಗುವುದು ಸಣ್ಣವರ ಹಳೆಯ ನೋವು. 2006ರ ಕಾಯ್ದೆಯಂತೆ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನಗಳಲ್ಲಿ ಪಾವತಿಯಾಗಬೇಕು. ಉದ್ಯಮ್ ನೋಂದಣಿ ಪಡೆದ ಉತ್ಪಾದಕರಿಗೆ ಈ ರಕ್ಷಣೆ ಇದೆ. 2021ರ ಜುಲೈನಿಂದ ವರ್ತಕರಿಗೂ ನೋಂದಣಿ ದೊರೆಯುತ್ತಿದೆಯಾದರೂ ಅವರಿಗೆ ಲಭ್ಯವಿರುವುದು ಆದ್ಯತಾ ವಲಯದ ಸಾಲದ ಅನುಕೂಲವಷ್ಟೇ.

ಅಗ್ಗ ಎಂಬುದರ ಅರ್ಥವನ್ನೂ ಗಿರಾಕಿಗೆ ತಿಳಿಸಿ ಹೇಳಬೇಕು. ಉದಾಹರಣೆಗೆ 120 ರೂ.ಗಳ ಕಾಗದದ ಪಟ ವರ್ಷದೊಳಗೆ ಹರಿಯುವುದೆಂದಿಟ್ಟುಕೊಂಡರೆ ಮೂರು ವರ್ಷಕ್ಕೆ 360 ರೂ. ಆಯಿತು. 300 ರೂ.ಗಳ ಬಟ್ಟೆಯ ಪಟ ಮೂರು ವರ್ಷ ಬಾಳಿದರೆ ಅದೇ ಅಗ್ಗ. ಮಾರಾಟದ ದಿನ ಅರ್ಧ ಗಂಟೆ ನಿಂತು ಬಳಸುವ ಬಗೆಯನ್ನು ತೋರಿಸಿಕೊಟ್ಟು, ಕಳೆದ ಕಾರ್ಡನ್ನು ಬಿಡಿಯಾಗಿ ಕೊಡುವ ವರ್ತಕನ ಬಳಿಗೆ ಶಾಲೆ ಮತ್ತೆ ಬರುತ್ತದೆ.

ಒಂದು ಹಳ್ಳಿಯ ಶಾಲೆಯನ್ನು ಆರಿಸಿಕೊಂಡು, ಅಲ್ಲಿನ ಶಿಕ್ಷಕರನ್ನು ಕೇಳಿ ಒಂದೆರಡು ವಸ್ತುಗಳ ಮಾದರಿ ಮಾಡಿ, ಒಂದು ಅವಧಿ ಮಕ್ಕಳ ಕೈಗೆ ಕೊಟ್ಟು ನೋಡುವುದು ಮೊದಲ ಹೆಜ್ಜೆ. ಎಲ್ಲಿ ಹರಿಯಿತು, ಯಾವುದನ್ನು ಮಕ್ಕಳು ಮತ್ತೆ ಮತ್ತೆ ಕೈಗೆತ್ತಿಕೊಂಡರು, ಯಾವುದು ಮೂಲೆ ಸೇರಿತು ಎಂಬುದಕ್ಕಿಂತ ದೊಡ್ಡ ಮಾರುಕಟ್ಟೆ ಸಮೀಕ್ಷೆ ಬೇರೆ ಬೇಕಾಗಿಲ್ಲ. ಡಿಸೆಂಬರಿನೊಳಗೆ ಮಾದರಿ ತಿದ್ದಿಕೊಂಡವರು ಬೇಸಿಗೆಯಲ್ಲಿ ತಯಾರಿಸಿ, ಮೇ ಕೊನೆಯ ವಾರಕ್ಕೆ ಅಂಗಡಿಯಲ್ಲಿ ಇಡಬಲ್ಲರು. ಆಗ ಶಾಲೆಯ ಆ ಸಣ್ಣ ಮೊತ್ತ ಊರಿನ ಕೈಗಳಿಗೇ ಕೆಲಸ ಕೊಡುತ್ತದೆ. ಊರಿನ ಮಕ್ಕಳ ಕೋಣೆಯೂ ಬರಿದಾಗಿ ಉಳಿಯುವುದಿಲ್ಲ.