ಊರಿಂದ ಫೋನ್ ಬಂದಾಗ

ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯಿಂದ ಬೆಂಗಳೂರು ಸೇರಿದ ಮಕ್ಕಳಿಗೆ ಊರಿನ ತಾಪತ್ರಯಗಳೆಲ್ಲ ಫೋನಿನಲ್ಲೇ ತಲುಪುತ್ತವೆ. ಕಬ್ಬಿನ ಸುಳಿ ಒಣಗಿದ್ದು, ಬ್ಯಾಂಕಿನವರೆಂದು ಯಾರೋ ಒಟಿಪಿ ಕೇಳಿದ್ದು, ಮೊಮ್ಮಗುವಿಗೆ ಭೇದಿ ಹತ್ತಿದ್ದು. ಮಕ್ಕಳು ಓದಿದವರು, ಅವರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ಆದರೆ ಹೇಳುವವರಿಗೆ ಅಲ್ಲಿಯದೇನೂ ಕಾಣುವುದಿಲ್ಲ, ಕೇಳುವವರು ಹೇಳಿದ್ದನ್ನೆಲ್ಲ ಮಾಡಿಬಿಡುತ್ತಾರೆ. ಆದ್ದರಿಂದ ಸಲಹೆಗಿಂತ ಮೊದಲು ಪ್ರಶ್ನೆ ಬರಬೇಕು.

ಹಾವಿನ ಕಡಿತವನ್ನೇ ನೋಡೋಣ. ನಾಲೆಯ ನೀರಿನ ಭತ್ತ, ಕಬ್ಬಿನ ಬಯಲಿನಲ್ಲಿ ಇಲಿ ಹೆಚ್ಚು, ಇಲಿಯ ಬೆನ್ನಿಗೆ ಹಾವು. ಸರಿರಾತ್ರಿಯಲ್ಲಿ ಅವ್ವ ಫೋನ್ ಮಾಡಿ, “ನಿಮ್ಮಪ್ಪಂಗೆ ಏನೋ ಹುಳ ಮುಟ್ಟಿದಂಗಾಯ್ತಂತೆ ಕಣ್ ಮಗ, ಗಾಯ ಏನೂ ಕಾಣಾಕಿಲ್ಲ, ಹೊಟ್ಟೆನೋವು ಅಂತಾವ್ರೆ” ಎಂದರೆ, “ಗ್ಯಾಸ್ಟ್ರಿಕ್ ಇರಬೇಕು, ಮಲಗ್ಲಿ ಬಿಡವ್ವ” ಎಂಬ ಮಾತು ಬಾಯಿಗೆ ಬೇಗ ಬರುತ್ತದೆ. ಆ ಮಾತು ಜೀವ ತೆಗೆಯಬಹುದು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವುದುಂಟು. ಆಗ ಉರಿ, ಊತ ಇಲ್ಲದೆಯೂ ಹೋಗಬಹುದು. ಹೊಟ್ಟೆನೋವು ಮೊದಲು, ಆಮೇಲೆ ರೆಪ್ಪೆ ಜೋಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರೇ ನಿಲ್ಲುತ್ತದೆ.

ಹಾಗಾಗಿ, “ಲೈಟ್ ಹಾಕವ್ವ, ಅಪ್ಪನ ಮುಖ ನೋಡು. ಕಣ್ಣು ಪೂರ್ತಿ ಬಿಡ್ತಾವ್ರಾ? ಮಾತು ತೊದಲ್ತೈತಾ?” ಎಂದು ಕೇಳಿ. ಉತ್ತರ ಏನೇ ಇರಲಿ, ಆಸ್ಪತ್ರೆಗೆ ಹೊರಡಿಸಿ. ಆ ವಿವರ ವೈದ್ಯರಿಗೆ ಬೇಕಾಗುತ್ತದೆ. ಮುಂದಿನ ಮಾತುಗಳು ಚಿಕ್ಕವಿರಲಿ. ಉಂಗುರ, ಬಳೆ ತೆಗೆಯಿರಿ. ಕೈಕಾಲು ಅಲ್ಲಾಡಿಸಬೇಡಿ, ನಡೆಸಬೇಡಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಹಾವನ್ನು ಹುಡುಕಲು ಹೋಗಬೇಡಿ. ಒಂದೊಂದನ್ನೂ ಅವರಿಂದಲೇ ತಿರುಗಿ ಹೇಳಿಸಿ; ಗಾಬರಿಯಲ್ಲಿ “ಕಟ್ಟಬೇಡಿ” ಎಂದದ್ದು “ಕಟ್ಟಿ” ಎಂದು ಕೇಳಿಸಿಬಿಡಬಹುದು. (ಬೆಳೆಗೆ ಹೊಡೆಯುವ ಔಷಧಿಯ ಅಳತೆಗೂ ಇದೇ ಕ್ರಮ. ಅನುಮಾನವಿದ್ದರೆ 2004ರಿಂದ ಇರುವ ಕಿಸಾನ್ ಕಾಲ್ ಸೆಂಟರ್‌ಗೆ, 1800-180-1551ಕ್ಕೆ, ರೈತರೇ ಕೇಳಲಿ.)

ಆಂಬುಲೆನ್ಸ್‌ಗಾಗಿ 108ಕ್ಕೆ ನೀವೇ ಕರೆ ಮಾಡುವುದಾದರೆ ಊರ ಹೆಸರಷ್ಟೇ ಸಾಲದು. ಮಂಡ್ಯ ತಾಲ್ಲೂಕು, ಕೊತ್ತತ್ತಿ ಹೋಬಳಿ, ಮನೆ ಹತ್ತಿರದ ದೇವಸ್ಥಾನ ಅಥವಾ ಡೈರಿ, ಅಲ್ಲಿರುವ ಒಬ್ಬರ ನಂಬರು ಕೊಡಿ.

ಆಸ್ಪತ್ರೆ ಸೇರಿದ ಮೇಲೂ ನಿಮ್ಮ ಮಾತು ಬೇಕಾಗುತ್ತದೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಳಿಯಲು ಗಾಜಿನ ಕೊಳವೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಬಿಡುತ್ತಾರೆ. ಇದು ಗೊತ್ತಿಲ್ಲದ ಮನೆಯವರು “ಸುಮ್ನೆ ಕೂರ್ಸವ್ರೆ” ಎಂದು ಸಿಟ್ಟಾಗಿ, ನಾಟಿ ವೈದ್ಯರ ಬಳಿಗೆ ಕರೆದೊಯ್ಯಬಹುದು. ಅವರನ್ನು ತಡೆದು ನಿಲ್ಲಿಸುವುದು ಬೆಂಗಳೂರಿನಲ್ಲಿ ಕೂತವರೂ ಮಾಡಬಹುದಾದ ದೊಡ್ಡ ಕೆಲಸ.

ಸಲಹೆಯೇ ಬೇಡವಾದ ಕರೆಗಳೂ ಇವೆ. ಸಾಲದಲ್ಲಿ ಮುಳುಗಿದ ಗೆಳೆಯ “ಸಾಕಾಗೋಗದೆ ಕಣಣ್ಣ” ಎಂದಾಗ ಲೆಕ್ಕಾಚಾರ ಹೇಳಿಕೊಡಬೇಡಿ. “ಸಾಯೋ ಯೋಚನೆ ಬಂದೈತಾ?” ಎಂದು ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆಂಬ ಭಯ ಬೇಡ. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಹಗಲಿರುಳೂ ಕನ್ನಡದಲ್ಲೇ ಮಾತಾಡಬಹುದು. ಗೆಳೆಯ ಆ ಪ್ರಶ್ನೆಗೆ ಹೂಂ ಎಂದರೆ ಫೋನ್ ಇಡಬೇಡಿ; ಇನ್ನೊಂದು ಫೋನಿನಿಂದ ಊರಲ್ಲಿರುವ ಯಾರನ್ನಾದರೂ ಆಗಲೇ ಆ ಮನೆಗೆ ಕಳಿಸಿ, ಕ್ರಿಮಿನಾಶಕದ ಬಾಟಲಿಗಳನ್ನು ಅಲ್ಲಿಂದ ತೆಗೆಸಿ.